ಕೊಟ್ಟಿಗೆಗೊಂದು, ತೋಟಕ್ಕೊಂದು

ಕೊಡಗಿನ ತೋಟದ ಮನೆಗಳಲ್ಲಿ ಮಳೆಗಾಲದಲ್ಲಿ ಯಾರ್‍ಯಾರು ಮನೆಯೊಳಗಿದ್ದಾರೆ ಅಂತ ತಿಳಿಯಬೇಕಾದರೆ ಹಿಂಬಾಗಿಲಿಗೆ ಹೋಗಿ ನೋಡಿದರೆ ಸಾಕು. ಅಲ್ಲಿ ಗಂಬೂಟುಗಳು ಇರುತ್ತವೆ. ಕೆಲವು ಗೂಟಕ್ಕೆ ಸಿಕ್ಕಿಸಿದ್ದು, ಕೆಲವು ಗೋಡೆಗೆ ಒರಗಿದ್ದು, ಮಕ್ಕಳದ್ದು ಒಂದು ಇಲ್ಲಿ ಒಂದು ಅಲ್ಲಿ. ಮುಂಬಾಗಿಲಲ್ಲಿರುವ ಚಪ್ಪಲಿ ನೆಂಟರದ್ದು.

ಪಟ್ಟಣ ಬಿಟ್ಟು ತೋಟಕ್ಕೆ ಬಂದು ಕೂತವರು ಈಗ ಜಾಸ್ತಿ. ಅವರು ಮೊದಲು ಕೇಳುವುದೇ ಕೆಲಸಕ್ಕೆ ಯಾವ ಬೂಟು ಒಳ್ಳೆಯದು ಅಂತ. ಯಾವ ಕೆಲಸಕ್ಕೆ ಅಂತ ತಿರುಗಿ ಕೇಳಬೇಕಾಗುತ್ತದೆ. ಬೆಳಿಗ್ಗೆ ಕೊಟ್ಟಿಗೆ, ಆಮೇಲೆ ಹಂದಿಗೂಡು, ಮಧ್ಯಾಹ್ನ ಮೋಟಾರು ನಿಂತಿತು ಅಂತ ಕೆರೆ ಹತ್ತಿರ, ಸಂಜೆ ಬೇಲಿ. ನಡುವೆ ಕಾಫಿ ಕುಡಿಯೋದಕ್ಕೆ ಒಳಗೆ ಬರಬೇಕು, ಅಂದರೆ ಬಿಚ್ಚಬೇಕು, ಮತ್ತೆ ಹಾಕಬೇಕು. ಹಾಗಾಗಿ ಲೇಸಿನ ಬೂಟು ಎಷ್ಟೇ ಗಟ್ಟಿಯಿದ್ದರೂ ಬೇಗ ಮೂಲೆ ಸೇರುತ್ತದೆ. ಕೋಳಿಗೂಡಿನ ಬಾಗಿಲು ಹಾಕಿದೆವಾ ಇಲ್ಲವಾ ಅಂತ ನೋಡಿ ಬರೋದಕ್ಕೆ ಯಾರು ಕೂತು ಲೇಸ್ ಕಟ್ಟುತ್ತಾರೆ? ಹವಾಯಿ ಚಪ್ಪಲಿಯಲ್ಲೇ ಓಡುತ್ತಾರೆ, ಪಾಚಿ ಮೇಲೆ ಜಾರುತ್ತಾರೆ.

ಅಂಗಡಿಯವರು ಬೂಟನ್ನು ಮೇಜಿಗೆ ಒಮ್ಮೆ ಬಡಿದು, "ಹತ್ತು ವರ್ಷಕ್ಕೆ ಏನೂ ಆಗಲ್ಲ ಅಣ್ಣಾ" ಅನ್ನುತ್ತಾರೆ. ಇರಬಹುದು, ಬೇರೆ ಊರಲ್ಲಿ. ಮಡಿಕೇರಿಯ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಹಾಸಿಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೂಟು! ನನ್ನ ಲೆಕ್ಕದಲ್ಲಿ ಇಲ್ಲಿ ಬೂಟಿನ ಬಾಳಿಕೆ ಅಂದರೆ ಅದು ಎಷ್ಟು ಬೇಗ ಒಣಗುತ್ತದೆ ಅನ್ನುವುದು, ಅಷ್ಟೇ.

ಚರ್ಮದ ಬೂಟು ಈ ಪರೀಕ್ಷೆಯಲ್ಲಿ ಸೋಲುತ್ತದೆ. ಒಮ್ಮೆ ನೆನೆದರೆ ದಿನಗಟ್ಟಲೆ ತೇವ, ಆಮೇಲೆ ಬೂಸ್ಟು. ಕೊಟ್ಟಿಗೆಗೆ ಹಾಕಿಕೊಂಡು ಹೋದರೆ ಸಗಣಿ ಗಂಜಲ ಹೊಲಿಗೆಯನ್ನೂ ಚರ್ಮವನ್ನೂ ನಿಧಾನವಾಗಿ ತಿನ್ನುತ್ತದೆ. ಒಣಗಲಿ ಅಂತ ಒಲೆ ಪಕ್ಕ ಇಟ್ಟರೆ ಸೆಟೆದು ಬಿರುಕು ಬಿಡುತ್ತದೆ. ಒಳಗೆ ಹಳೇ ಪೇಪರ್ ತುರುಕಿ, ಅದು ಒದ್ದೆಯಾದಂತೆ ಬದಲಿಸುತ್ತಾ, ಗಾಳಿ ಆಡುವ ಕಡೆ ಇಡುವುದೊಂದೇ ದಾರಿ. ಹಾಗಂತ ಒದ್ದೆಯಾಗಬಾರದು ಅಂತ ದುಬಾರಿ ಶೂ ತಂದು ಡಬ್ಬಿಯಲ್ಲೇ ಜೋಪಾನ ಮಾಡುವವರೂ ಇದ್ದಾರೆ. ಅದು ಇನ್ನೊಂದು ಕತೆ. ಹಗುರವಾಗಿ ಮೆತ್ತಗಿರುವ ಎಷ್ಟೋ ಅಟ್ಟೆಗಳು ಪಾಲಿಯುರೆಥೇನ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್ಕಿನವು. ಗಾಳಿಯ ತೇವಕ್ಕೇ ಆ ವಸ್ತು ವರ್ಷಗಳಲ್ಲಿ ಒಳಗೊಳಗೇ ಶಿಥಿಲವಾಗುತ್ತದೆ, ಬಳಸದೆ ಇಟ್ಟರೂ ಬಿಡುವುದಿಲ್ಲ. ಮಗಳ ಮದುವೆ ಮುಗಿದ ಮೇಲೆ ಹಾಕೋಣ ಅಂತ ಇಟ್ಟ ಶೂ, ಹೊರತೆಗೆದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಂಗಳದಲ್ಲಿ ಹಳೇ ರಸ್ಕಿನ ಹಾಗೆ ಪುಡಿ ಉದುರಿಸುತ್ತದೆ.

ಉಳಿಯುವುದು ಗಂಬೂಟು. ಇಂಗ್ಲೆಂಡಿನವರು ಅದಕ್ಕೆ ವೆಲ್ಲಿಂಗ್ಟನ್ ಅನ್ನುತ್ತಾರಂತೆ. ಆ ಹೆಸರಿನ ದೊರೆ 1799ರಲ್ಲಿ ನಮ್ಮ ಪಕ್ಕದ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನೇ. ಅವನು ಹಾಕುತ್ತಿದ್ದದ್ದು ಮಾತ್ರ ಚರ್ಮದ್ದು, ರಬ್ಬರಿನದು ಬಂದದ್ದು 1850ರ ದಶಕದಲ್ಲಿ. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಪಿವಿಸಿ. ಅಗ್ಗ, ಸಗಣಿಗೆ ಜಗ್ಗುವುದಿಲ್ಲ, ಪೈಪ್ ಹಿಡಿದು ತೊಳೆದರೆ ಮುಗಿಯಿತು. ಆದರೆ ಡಿಸೆಂಬರಿನ ಚಳಿಗೆ ಬಿರುಸಾಗುತ್ತದೆ, ಬೆರಳು ಮಡಚುವ ಜಾಗದಲ್ಲೇ ಸೀಳುತ್ತದೆ. ರಬ್ಬರಿನದು ಮೆತ್ತಗೆ, ಕಾಲಿಗೆ ಹಿತ, ಬೆಲೆ ಜಾಸ್ತಿ, ಬಿಸಿಲಲ್ಲೂ ಡೀಸೆಲ್ ಎಣ್ಣೆಯಲ್ಲೂ ಬಿಡಬಾರದು. ಒಳಗೆ ದಪ್ಪ ಬಟ್ಟೆ ಅಂಟಿಸಿರುವುದನ್ನು ಅಂಗಡಿಯಲ್ಲಿ ಮುಟ್ಟಿದಾಗ ಎಷ್ಟು ಬೆಚ್ಚಗೆ ಅನ್ನಿಸುತ್ತದೆ! ಜುಲೈಯಲ್ಲಿ ಅದೇ ಬಟ್ಟೆ ನಾರುತ್ತದೆ. ತೆಗೆದು ಒಣಗಿಸಬಹುದಾದ ಒಳಅಟ್ಟೆ ಇದ್ದರೆ ಅದನ್ನೇ ತನ್ನಿ. ದುಡ್ಡಿದ್ದರೆ ಒಂದು ಭಾರೀ ಜೋಡಿಗೆ ಸುರಿಯುವ ಬದಲು ಎರಡು ಸಾಧಾರಣ ಜೋಡಿ ತಗೊಳ್ಳಿ, ಒಂದು ಕೊಟ್ಟಿಗೆಗೆ, ಒಂದು ತೋಟಕ್ಕೆ, ಒಂದು ಕಾಲಲ್ಲಿದ್ದಾಗ ಇನ್ನೊಂದು ಗೂಟದ ಮೇಲೆ.

ಅಳತೆ ನೋಡುವುದು ಸಂಜೆ ಹೊತ್ತಿಗೆ, ದಪ್ಪ ಸಾಕ್ಸ್ ಹಾಕಿಕೊಂಡೇ. ದಿನವಿಡೀ ನಡೆದ ಕಾಲು ಊದಿರುತ್ತದೆ. ಅಂಗಡಿಯ ನೆಲ ಸಮತಟ್ಟು, ನಮ್ಮ ತೋಟವೋ ಬರೀ ಇಳಿಜಾರು. ಇಳಿಯುವಾಗ ಕಾಲು ಮುಂದಕ್ಕೆ ಜಾರಿ ಬೆರಳು ಬೂಟಿನ ತುದಿಗೆ ಗುದ್ದುತ್ತದೆ, ಸಂಜೆಗೆ ಹೆಬ್ಬೆರಳ ಉಗುರು ಕಪ್ಪು. ಅಂಗಡಿ ಮುಂದೆ ಮೆಟ್ಟಿಲಿದ್ದರೆ ಸುಮ್ನೆ ನಾಚಿಕೆ ಬಿಟ್ಟು ಇಳಿದು ನೋಡಿ.

ಇನ್ನು ಪ್ಯಾಂಟು ಬೂಟಿನ ಒಳಗೋ ಹೊರಗೋ ಅನ್ನುವ ವಾದ. ಒಳಗೆ ಹಾಕಿದರೆ ಮಳೆ ನೀರು ಪ್ಯಾಂಟಿನ ಗುಂಟ ಇಳಿದು ಬೂಟು ತುಂಬುತ್ತದೆ. ಹೊರಗೆ ಬಿಟ್ಟರೆ ಜಿಗಣೆಗೆ ಹಬ್ಬ. ಬೂಟು ನುಣುಪು, ಆದರೂ ಅದು ಹತ್ತುತ್ತದೆ, ತುದಿ ಊರಿ, ಮೈ ಬಾಗಿಸಿ, ಹಿಂಬದಿ ಎಳೆದುಕೊಂಡು, ಮತ್ತೆ ತುದಿ ಎತ್ತಿ ಗಾಳಿಯಲ್ಲಿ ಹುಡುಕುತ್ತಾ. ಕಚ್ಚಿದ್ದು ಗೊತ್ತಾಗುವುದಿಲ್ಲ, ಅದರ ಎಂಜಲಿಗೆ ರಕ್ತ ಹೆಪ್ಪುಗಟ್ಟದು, ಸಾಕ್ಸ್ ತೆಗೆದಾಗಲೇ ಸುದ್ದಿ. ನಮ್ಮಲ್ಲಿ ಬೂಟಿನ ಬಾಯಿಗೆ ಉಪ್ಪು ಹಚ್ಚುವವರಿದ್ದಾರೆ, ಹೊಗೆಸೊಪ್ಪಿನ ನೀರು ಸವರುವವರಿದ್ದಾರೆ. ಎರಡೂ ಮಳೆಗೆ ತೊಳೆದು ಹೋಗುತ್ತವೆ. ಪ್ಯಾಂಟು ಒಳಗೆ, ಅದರ ಮೇಲೆ ಬೂಟಿನ ಬಾಯಿ ಮುಚ್ಚುವಷ್ಟು ಉದ್ದದ ರೇನ್‌ಕೋಟು, ಇದು ನನ್ನ ಪಕ್ಷ.

ಗಂಬೂಟು ಎಲ್ಲದಕ್ಕೂ ಆಗುತ್ತದೆ ಅಂತಲ್ಲ. ಕರಿಮೆಣಸು ಕೊಯ್ಯಲು ಏಣಿ ಹತ್ತಿದರೆ ಮೆತ್ತನೆ ಅಟ್ಟೆಯೊಳಗೆ ಮೆಟ್ಟಿಲು ಒತ್ತಿ ಪಾದ ನೋಯುತ್ತದೆ. ಅದಕ್ಕೆ ಹಿಮ್ಮಡಿ ಎದ್ದು ಕಾಣುವ, ಅಟ್ಟೆ ಗಟ್ಟಿಯಿರುವ ಚರ್ಮದ ಬೂಟೇ ಸರಿ. ಹೇಗೂ ಆಗ ಮಳೆ ಇರುವುದಿಲ್ಲ. ಕಳೆ ಹೊಡೆಯುವ ಮೆಷಿನ್ ಹಿಡಿಯುವವರಿಗೆ ಮುಂಭಾಗದಲ್ಲಿ ಉಕ್ಕಿನ ಕವಚ ಇರುವುದು ಬೇಕು. ಸುರಕ್ಷತಾ ಬೂಟಿನ ಭಾರತೀಯ ಮಾನದಂಡ ಐಎಸ್ 15298 (ಭಾಗ 2) ಅಂತ ಮುದ್ರೆ ನೋಡಿ ತಗೊಳ್ಳಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಭತ್ತದ ನಾಟಿಗೆ ಮಾತ್ರ ಯಾವ ಬೂಟೂ ಬೇಡ. ಗದ್ದೆಯ ಕೆಸರು ಬೂಟನ್ನು ಇಟ್ಟುಕೊಂಡು ಕಾಲನ್ನಷ್ಟೇ ವಾಪಸ್ ಕೊಡುತ್ತದೆ.

ಹಾಕುವ ಮೊದಲು ಬೋರಲು ಮಾಡಿ ಎರಡು ಸಲ ಬಡಿಯುವುದನ್ನು ಇಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಹೆಚ್ಚಾಗಿ ಬೀಳುವುದು ಕಪ್ಪೆ. ಯಾವಾಗಲೂ ಕಪ್ಪೆಯೇ ಬೀಳುತ್ತದೆ ಅಂತ ನಂಬಬೇಡಿ.

ನನ್ನ ತಕರಾರು ಬೇರೆಯೇ. ತೋಟದ ಕೆಲಸದಲ್ಲಿ ಹೆಂಗಸರೇನು ಕಡಿಮೆಯಾ? ಕಾಫಿ ಕೊಯ್ಯುವುದು, ಕಸಿ ಗಿಡ ನೆಡುವುದು, ಹಟ್ಟಿ ತೊಳೆಯುವುದು ಎಲ್ಲ ಅವರೇ. ಅಂಗಡಿಗೆ ಹೋದರೆ ಗಂಡಸರ ಅಳತೆಯೇ ರಾಶಿ. ಆರನೇ ನಂಬರಿನ ಬೂಟಿಗೆ ಬಟ್ಟೆ ತುರುಕಿಕೊಂಡು, ಇಳಿಜಾರಲ್ಲಿ ಹಿಮ್ಮಡಿ ಎತ್ತಿ ಎತ್ತಿ ಹಾಕುತ್ತಾ ಹೋಗುತ್ತಾರೆ. "ನಾಲ್ಕನೇ ನಂಬರ್ ಇದೆಯಾ?" ಅಂದರೆ, "ಅದು ಓಡಲ್ಲ ಅಕ್ಕಾ, ಯಾರೂ ಕೇಳಲ್ಲ" ಅನ್ನುತ್ತಾರೆ. ಮುಂದಿನ ಸಲ ಗೋಣಿಕೊಪ್ಪಕ್ಕೋ ಸೋಮವಾರಪೇಟೆಗೋ ಹೋದಾಗ ನಿಮಗೆ ಬೇಡದಿದ್ದರೂ ಒಮ್ಮೆ ಕೇಳಿ ಬನ್ನಿ.