ಬಿಡಿಸಿಕೊಂಡ ಕತ್ತೆಯನ್ನು ಎಲ್ಲಿ ಕಟ್ಟಬೇಕು, ಹೇಳಿ

ಕಲಬುರಗಿಯ ಹಳೆಯ ಬಡಾವಣೆಗಳ ಸಂದಿಗಳಿಗೆ ಟ್ರ್ಯಾಕ್ಟರ್ ನುಗ್ಗುವುದಿಲ್ಲವೆಂದು ಮನೆ ಕಟ್ಟಿಸುವವರು ಉಸುಕನ್ನೂ ಇಟ್ಟಿಗೆಯನ್ನೂ ಇಂದಿಗೂ ಕತ್ತೆಗಳ ಮೇಲೆ ಹೊರಿಸುತ್ತಾರೆ. ಹೊರಿಸಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕತ್ತೆಯ ಬೆನ್ನಿಗೆ 50 ಕಿಲೋಗಿಂತ ಹೆಚ್ಚು ಹೇರಬಾರದೆಂದು 1965ರಲ್ಲೇ ನಿಯಮವಾಗಿದೆ. ಇಟ್ಟಿಗೆಯೊಂದು ಮೂರು ಕಿಲೋ ತೂಗಿದರೆ ಹದಿನಾರಕ್ಕೆ ಲೆಕ್ಕ ಮುಗಿಯಿತು. ಉಷ್ಣಾಂಶ 37 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಕೂಡದೆಂದೂ ಅದೇ ನಿಯಮ ಹೇಳುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು ಎಂಥದ್ದೆಂದು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ.

ನಾನು ದೂರು ಕೊಟ್ಟದ್ದು, ಬೆನ್ನಿನ ಹುಣ್ಣಿನಲ್ಲಿ ಹುಳ ಬಿದ್ದಿದ್ದರೂ ಅದರ ಮೇಲೆಯೇ ಗೋಣಿತಟ್ಟು ಹಾಸಿ ಹೇರು ಹೊರಿಸುತ್ತಿದ್ದ ಒಂದು ಹೆಣ್ಣು ಕತ್ತೆಯ ಬಗ್ಗೆ. ಗಾಯಗೊಂಡ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ; ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ಅಂದರೆ ಗುತ್ತಿಗೆದಾರನು ಕೂಲಿಯವರಿಗೆ ಕುಡಿಸುವ ಚಹಾದ ಖರ್ಚಿಗಿಂತಲೂ ಕಡಿಮೆ. ಠಾಣೆಯಲ್ಲಿ ಸಿಕ್ಕ ಉತ್ತರ: "ಕೇಸ್ ಹಾಕ್ತೀವ್ರೀ, ಆದ್ರ ಕತ್ತೀನ ಎಲ್ಲಿ ಕಟ್ಟೋಣು?" ಸಿಟ್ಟು ಬಂದರೂ ಪ್ರಶ್ನೆ ತಪ್ಪಲ್ಲವೆಂದು ಒಪ್ಪಲೇಬೇಕಾಯಿತು. ಗೋಶಾಲೆಯವರು ಆಕಳು, ಹೋರಿ ಬಿಟ್ಟು ಬೇರೆ ಯಾವುದನ್ನೂ ಸೇರಿಸಿಕೊಳ್ಳುವುದಿಲ್ಲವೆಂದರು. ಪಶುಸಂಗೋಪನಾ ಇಲಾಖೆಯ ಕಚೇರಿಯಲ್ಲಿ ಔಷಧಿ ಕೊಡುತ್ತೇವೆ, ಜಾಗ ಕೊಡಲಾಗದು ಎಂದರು. ಜಿಲ್ಲೆಗೊಂದು ಪ್ರಾಣಿದಯಾ ಸಂಘವಿರಬೇಕು, ಅದಕ್ಕೆ ಪ್ರಾಣಿಗಳನ್ನು ಇರಿಸಿಕೊಳ್ಳುವ ಸ್ಥಳವಿರಬೇಕು ಎಂದು 2001ರ ನಿಯಮದಲ್ಲಿ ಬರೆದಿದೆ. ಅದು ಎಲ್ಲಿದೆಯೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡಿದರು.

ಔಷಧಿಯೊಂದರಿಂದ ಈ ಗಾಯ ಮಾಯುವುದಿಲ್ಲವೆಂದು ಕತ್ತೆ ಸಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಹುಳ ತೆಗೆದು, ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟ ಮೇಲೂ ವಾರಗಟ್ಟಲೆ ಬೆನ್ನಿಗೆ ಏನೂ ತಾಗಕೂಡದು. ಬೆಳೆದು ಸೊಟ್ಟಗಾದ ಗೊರಸನ್ನು ಒಂದೇ ಸಲಕ್ಕೆ ಕತ್ತರಿಸದೆ ಹಂತಹಂತವಾಗಿ ಸವರಬೇಕು. ಜೊತೆಗಾರ ಕತ್ತೆಯಿಂದ ಅಗಲಿಸಿದರೆ ಅದು ಮೇವು ಬಿಡುತ್ತದೆ, ಮೇವು ಬಿಟ್ಟ ಕತ್ತೆಯ ರಕ್ತದಲ್ಲಿ ಕೊಬ್ಬೇರಿ ಪ್ರಾಣಕ್ಕೇ ಕುತ್ತು ಬರುತ್ತದೆ. ಆದ್ದರಿಂದ ಒಂದನ್ನು ಬಿಡಿಸಿದರೆ ಎರಡಕ್ಕೆ ಜಾಗ ಬೇಕು. ಪಕ್ಕದ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವಾಗ ಈ ತಿಳಿವಳಿಕೆಗೆ ಕೊರತೆಯಿಲ್ಲ. ಇಲ್ಲದ್ದು ಒಂದು ತಗಡಿನ ನೆರಳು, ಒಂದು ನೀರಿನ ತೊಟ್ಟಿ, ದಿನಕ್ಕೊಮ್ಮೆ ಬಂದು ನೋಡುವ ಒಬ್ಬ ನೌಕರ.

ಕತ್ತೆಯ ಮಾಲೀಕನನ್ನು ಬೈದು ಫೋಟೋ ಹಾಕುವವರ ಬಗ್ಗೆಯೂ ನನಗೆ ಬೇಸರವಿದೆ. ಅವನಿಗೆ ಸಿಗುವುದು ಖೇಪಿನ ಲೆಕ್ಕದ ಕೂಲಿ. ಹೇರು ಕಡಿಮೆ ಮಾಡಿದರೆ ಖೇಪು ಹೆಚ್ಚುತ್ತದೆ, ಖೇಪು ಹೆಚ್ಚಿದರೆ ಗುತ್ತಿಗೆದಾರ ಬೇರೆಯವನನ್ನು ಕರೆಯುತ್ತಾನೆ. ಆ ಗುತ್ತಿಗೆದಾರನ ಹೆಸರನ್ನು ಠಾಣೆಯಲ್ಲಿ ಯಾರೂ ಕೇಳಲಿಲ್ಲ.

ಹುಣ್ಣು ಒಣಗುವವರೆಗೆ ಬಿಟ್ಟಿರುತ್ತೇನೆಂದು ಒಪ್ಪಿ ಮಾಲೀಕನು ಎರಡೂ ಕತ್ತೆಗಳನ್ನು ನನ್ನ ಪರಿಚಯದವರ ಹೊಲದಲ್ಲಿ ಕಟ್ಟಿದ್ದನು. ಗಾಯ ಇನ್ನೂ ಹಸಿಯಾಗಿದೆ. ಹೊಸ ಮನೆಯ ಕೆಲಸ ಹಿಡಿದಿದ್ದೇನೆ, ನಾಳೆ ಬಂದು ಹೊಡೆದುಕೊಂಡು ಹೋಗುತ್ತೇನೆಂದು ನಿನ್ನೆ ಹೇಳಿ ಕಳಿಸಿದ್ದಾನೆ. ಗುಣವಾಗುವವರೆಗೆ ಪ್ರಾಣಿಯನ್ನು ಚಿಕಿತ್ಸಾಲಯದಲ್ಲಿರಿಸಲು ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ, ಆದರೆ ಕೇಸೇ ದಾಖಲಾಗದಿರುವಾಗ ಆ ಆದೇಶವನ್ನು ನಾನು ಎಲ್ಲಿಂದ ತರಲಿ?