ಪರ-ವಿರೋಧ: ಸ್ಪರ್ಧೆಗೆ ಒಯ್ಯುವ ಮೊದಲ ಡೆಕ್ ಎರಡು ಬಣ್ಣದ್ದಾಗಿರಬೇಕೇ?

ಹುಬ್ಬಳ್ಳಿಯ ವಿದ್ಯಾನಗರದ ಒಂದು ಬಾಡಿಗೆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಸೇರಿ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡಿನಾಟ ಆಡುವ ನಮ್ಮ ಗುಂಪಿನಲ್ಲಿ ಎಷ್ಟು ಆಡಿದರೂ ತೀರದ ಮಾತು ಒಂದಿದೆ. ಪರವೂರಿನ ಪಂದ್ಯಕ್ಕೆ ಮೊದಲ ಸಲ ಹೊರಡುವವರು ಎರಡು ಬಣ್ಣಗಳ ಡೆಕ್ (ತಾವೇ ಆಯ್ದು ಜೋಡಿಸಿದ ಕಾರ್ಡುಗಳ ಕಟ್ಟು) ಕಟ್ಟಬೇಕೇ, ಒಂದೇ ಬಣ್ಣವನ್ನು ನೆಚ್ಚಬೇಕೇ ಎಂಬುದು ಆ ಮಾತು. ಗುಂಪಿನ ಇಬ್ಬರು ತಮ್ಮ ತಮ್ಮ ಪಕ್ಷವನ್ನು ಇಲ್ಲಿ ಬರೆದಿದ್ದಾರೆ.

ಪರ: ಒಂದೇ ಬಣ್ಣಕ್ಕೆ ಎಲ್ಲದಕ್ಕೂ ಉತ್ತರ ಗೊತ್ತಿಲ್ಲ

ಕಳೆದ ವರ್ಷ ‘ಮಾಡರ್ನ್’ ಎಂಬ ಮಾದರಿಯ ಒಂದು ಪಂದ್ಯದ ಮೂರನೆಯ ಸುತ್ತಿನಲ್ಲಿ ನನ್ನ ಎದುರಿಗೆ ಕುಳಿತವರು, ಆಟ ಆರಂಭವಾಗುವ ಮೊದಲೇ, ಕೈಗೆ ಬಂದ ಏಳು ಕಾರ್ಡುಗಳಲ್ಲಿದ್ದ ‘ಲೇಲೈನ್ ಆಫ್ ಸ್ಯಾಂಕ್ಟಿಟಿ’ ಎಂಬ, ಮೇಜಿನ ಮೇಲೇ ಉಳಿದು ಪರಿಣಾಮ ಬೀರುವ ಬಿಳಿ ಎನ್‌ಚಾಂಟ್‌ಮೆಂಟನ್ನು ಮೇಜಿನ ಮೇಲಿಟ್ಟರು. ಅದು ಅಲ್ಲಿರುವವರೆಗೆ ಎದುರಾಳಿಯ ಯಾವ ಮಂತ್ರವೂ ಅವರನ್ನು ಗುರಿಯಾಗಿಸುವಂತಿಲ್ಲ. ನನ್ನದು ಅಪ್ಪಟ ಕೆಂಪು ಡೆಕ್. ಒಂದು ಕೆಂಪು ಮನಾಕ್ಕೆ (ಕಾರ್ಡು ಆಡಲು ತೆರುವ ಶಕ್ತಿ) ಎದುರಾಳಿಯ ಮೂರು ಲೈಫ್ (ಜೀವದ ಅಂಕ) ಕಳೆಯುವ ‘ಲೈಟ್ನಿಂಗ್ ಬೋಲ್ಟ್’ ನನ್ನ ಕೈಯಲ್ಲಿ ಮೂರಿದ್ದವು, ಆದರೆ ಅವುಗಳಲ್ಲಿ ಒಂದನ್ನೂ ಅವರ ಮೇಲೆ ಪ್ರಯೋಗಿಸುವ ದಾರಿ ಇರಲಿಲ್ಲ. ಕೆಂಪು ಬಣ್ಣಕ್ಕೆ ಎನ್‌ಚಾಂಟ್‌ಮೆಂಟನ್ನು ಒಡೆಯುವ ಶಕ್ತಿಯನ್ನೇ ಆಟ ಕೊಟ್ಟಿಲ್ಲ. ಪಕ್ಕದ ಮೇಜಿನಲ್ಲಿದ್ದ ಕೆಂಪು-ಬಿಳಿ ಡೆಕ್ಕಿನವರು ಎರಡು ಮನಾ ಕೊಟ್ಟು ‘ಡಿಸೆನ್‌ಚಾಂಟ್’ ಹಾಕಿ ಅಂಥದ್ದೇ ಒಂದು ಅಡ್ಡಿಯನ್ನು ತೆಗೆದು ಮುಂದೆ ಸಾಗಿದ್ದನ್ನು ನಾನು ಕಣ್ಣಾರೆ ಕಂಡೆ.

ಅಂದಿನ ಸೋಲನ್ನು ಅದೃಷ್ಟದ ತಲೆಗೆ ಕಟ್ಟಲು ನನಗೆ ಮನಸ್ಸು ಬರಲಿಲ್ಲ, ಏಕೆಂದರೆ ಅದು ಆಟದ ರಚನೆಯೊಳಗೇ ಇತ್ತು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಹೊರಬಂದಾಗಿನಿಂದಲೂ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂಬ ಐದು ಬಣ್ಣಗಳಿಗೆ ಬಲವನ್ನು ಹಂಚಿದಂತೆಯೇ ಕೊರತೆಯನ್ನೂ ಹಂಚಿದೆ. ಕಪ್ಪು ಬಣ್ಣ ಜೀವಿಗಳನ್ನು ಕೊಲ್ಲುವುದರಲ್ಲಿ ನಿಸ್ಸೀಮ, ಆದರೆ ಯಂತ್ರ-ಆಯುಧಗಳಂಥ ಆರ್ಟಿಫ್ಯಾಕ್ಟ್ ಕಾರ್ಡಿನ ಮುಂದೆ ಕೈಕಟ್ಟಿ ನಿಲ್ಲುತ್ತದೆ. ನೀಲಿ ಬರುತ್ತಿರುವ ಮಂತ್ರವನ್ನು ನಡುದಾರಿಯಲ್ಲೇ ತಡೆಯುತ್ತದೆ, ಆದರೆ ಒಮ್ಮೆ ಮೇಜಿನ ಮೇಲೆ ಬಂದು ಕುಳಿತದ್ದನ್ನು ಹೆಚ್ಚಾಗಿ ಒಡೆಯನ ಕೈಗೆ ಮರಳಿಸುತ್ತದೆ ಅಷ್ಟೇ. ಹಸಿರು ಬಣ್ಣ ಎದುರಾಳಿಯ ಜೀವಿಯನ್ನು ತೆಗೆಯಬೇಕಾದರೆ ಸಾಮಾನ್ಯವಾಗಿ ತನ್ನದೇ ಜೀವಿಯೊಂದನ್ನು ಕಾದಾಟಕ್ಕೆ ಬಿಡಬೇಕಾಗುತ್ತದೆ. 2005ರಲ್ಲಿ ಆರಂಭವಾದ ರಾವ್ನಿಕಾ ಎಂಬ ಕಾರ್ಡು ಸರಣಿಯು ಐದು ಬಣ್ಣಗಳಿಂದ ಆಗುವ ಹತ್ತು ಜೋಡಿಗಳಿಗೂ ಒಂದೊಂದು ಗಿಲ್ಡ್ (ಬಣ) ಕಟ್ಟಿಕೊಟ್ಟು, ಈ ಕೊರತೆಗಳನ್ನು ಜೋಡಿಯೊಳಗೆ ತುಂಬಿಕೊಳ್ಳುವ ದಾರಿಯನ್ನು ತೆರೆದು ತೋರಿಸಿತು. ಒಂದು ಕೆಂಪು, ಒಂದು ಬಿಳಿ ಮನಾಕ್ಕೆ ಮೂರು ಲೈಫ್ ಕಳೆದು ನಮಗೆ ಮೂರು ಲೈಫ್ ಕೊಡುವ ‘ಲೈಟ್ನಿಂಗ್ ಹೀಲಿಕ್ಸ್’ ಆಗ ಬಂದ ಕಾರ್ಡು. ದಾಳಿಯನ್ನೂ ರಕ್ಷಣೆಯನ್ನೂ ಒಂದೇ ಕಾರ್ಡಿನಲ್ಲಿ ಕೊಡುವ ಇಂಥ ಸೌಲಭ್ಯ ಬರೀ ಕೆಂಪು ಕಟ್ಟುವವರಿಗೆ ಸಿಗುವುದಿಲ್ಲ.

ಎರಡು ಬಣ್ಣವೆಂದರೆ ಎರಡನ್ನೂ ಸರಿಸಮ ಸುರಿಯುವುದು ಎಂದು ತಿಳಿಯುವುದರಿಂದಲೇ ಹೊಸಬರ ಡೆಕ್ ಕೆಡುತ್ತದೆ. ನಮ್ಮ ಕುಂದಗೋಳದ ಕಡೆಯ ಎರೆಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಯನ್ನು ಒಟ್ಟಿಗೆ ಹಾಕುತ್ತಾರೆ. ಉಳ್ಳಾಗಡ್ಡಿ ಮೊದಲು ಕೈಗೆ ಬರುತ್ತದೆ, ಹತ್ತಿ ಕಡೆಗೆ ಬರುತ್ತದೆ, ಆದ್ದರಿಂದ ಒಂದು ಇನ್ನೊಂದರ ಹೊತ್ತನ್ನು ಕಸಿಯುವುದಿಲ್ಲ. ಡೆಕ್ಕಿನಲ್ಲೂ ಮೊದಲ ಎರಡು ಸರದಿಯಲ್ಲಿ ಹಾಕುವ ಅಗ್ಗದ ಜೀವಿಗಳೆಲ್ಲ ಮುಖ್ಯ ಬಣ್ಣದವಾಗಿರಬೇಕು, ಎರಡನೆಯ ಬಣ್ಣದ ಕಾರ್ಡುಗಳು ಮೂರನೆಯ ಸರದಿಯ ನಂತರ ಬೇಕಾಗುವಂಥವಾಗಿರಬೇಕು, ಮತ್ತು ಅವು ಆ ಬಣ್ಣದ ಒಂದೇ ಮನಾವನ್ನು ಕೇಳುವಂತಿರಬೇಕು.

ಉಳಿದದ್ದು ಲೆಕ್ಕ. ಅರವತ್ತು ಕಾರ್ಡುಗಳಲ್ಲಿ ಮನಾ ಕೊಡುವ ಲ್ಯಾಂಡ್ ಕಾರ್ಡುಗಳು ಇಪ್ಪತ್ನಾಲ್ಕಿದ್ದು, ಅವು ಕೆಂಪು ಮನಾದ 12 ಮೌಂಟನ್, ಬಿಳಿ ಮನಾದ 12 ಪ್ಲೇನ್ಸ್ ಆಗಿದ್ದರೆ, ಮೊದಲ ಏಳು ಕಾರ್ಡುಗಳಲ್ಲಿ ಯಾವುದಾದರೂ ಒಂದು ಬಣ್ಣದ ಲ್ಯಾಂಡ್ ಬಾರದೇ ಹೋಗುವ ಸಂಭವ ಶೇ 36. ಅದರ ಬದಲು ಎರಡೂ ಬಣ್ಣದ ಮನಾ ಕೊಡುವ ಎಂಟು ಜೋಡಿ ಲ್ಯಾಂಡುಗಳನ್ನು, ಎಂದರೆ ನಾಲ್ಕು ‘ಸೇಕ್ರೆಡ್ ಫೌಂಡ್ರಿ’ ಮತ್ತು ನಾಲ್ಕು ‘ಬ್ಯಾಟಲ್‌ಫೀಲ್ಡ್ ಫೋರ್ಜ್’ಗಳನ್ನು ಸೇರಿಸಿ, ಉಳಿದ ಹದಿನಾರನ್ನು ಎಂಟೆಂಟಾಗಿ ಹಂಚಿದರೆ, ಪ್ರತಿ ಬಣ್ಣಕ್ಕೂ ಹದಿನಾರು ಮೂಲಗಳಾಗಿ ಆ ಸಂಭವ ಶೇ 18ಕ್ಕೆ ಇಳಿಯುತ್ತದೆ. ಮೊದಲು ಆಡುವವರು ತಮ್ಮ ಮೂರನೆಯ ಸರದಿಗೆ ಒಂಬತ್ತು ಕಾರ್ಡುಗಳನ್ನು ಕಂಡಿರುತ್ತಾರೆ. ಆ ಹೊತ್ತಿಗೆ ಅದು ಶೇ 9. ಎರಡನೆಯ ಬಣ್ಣವನ್ನು ಮೂರನೆಯ ಸರದಿಗೆ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಈ ಅಂಕಿಯನ್ನು ನೋಡಿಯೇ.

ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯದಲ್ಲಿ ಮೊದಲ ಆಟ ಮುಗಿದ ಮೇಲೆ ಹದಿನೈದು ಬದಲಿ ಕಾರ್ಡುಗಳ ಸೈಡ್‌ಬೋರ್ಡಿನಿಂದ ಡೆಕ್ಕನ್ನು ತಿದ್ದಬಹುದು. ಒಂದೇ ಬಣ್ಣದವರ ಸೈಡ್‌ಬೋರ್ಡಿನಲ್ಲಿ ಹೆಚ್ಚಾಗಿ ಅದೇ ಬಗೆಯ ಮದ್ದು ಇನ್ನಷ್ಟು ಇರುತ್ತದೆ. ಎರಡು ಬಣ್ಣದವರ ಬಳಿ ಬೇರೆ ಬಗೆಯ ಮದ್ದೂ ಇರುತ್ತದೆ.

ಜೋಡಿ ಲ್ಯಾಂಡುಗಳಿಗೆ ಖರ್ಚು ಹೆಚ್ಚೆಂಬ ಮಾತು ನಿಜ. ಅದಕ್ಕೆ ಹೇರಳವಾಗಿ ಸಿಗುವ ‘ಕಾಮನ್’ ದರ್ಜೆಯ ಕಾರ್ಡುಗಳಿಂದಷ್ಟೇ ಆಡುವ ‘ಪಾಪರ್’ ಮಾದರಿ ಇದೆ. 2019ರಿಂದ ಕಾಗದದ ಕಾರ್ಡುಗಳ ಆಟಕ್ಕೂ ಅದು ಅಧಿಕೃತವಾಗಿದೆ. ಟ್ಯಾಪ್ ಆಗಿ, ಎಂದರೆ ಬಂದ ಸರದಿಯಲ್ಲಿ ಬಳಸಲಾಗದಂತೆ, ಬರುವ ಗಿಲ್ಡ್‌ಗೇಟ್‌ಗಳಂಥ ಜೋಡಿ ಲ್ಯಾಂಡುಗಳು ಅಲ್ಲಿ ಕಾಮನ್ ಆಗಿಯೇ ಸಿಗುತ್ತವೆ. ಎರಡು ಬಣ್ಣವನ್ನು ಕಲಿಯಬೇಕೆಂಬ ಮನಸ್ಸಿದ್ದವರು ಅಲ್ಲಿಂದ ಆರಂಭಿಸಬಹುದು.

ವಿರೋಧ: ಮೊದಲು ಒಂದು ಬಣ್ಣವನ್ನು ಪೂರ್ತಿ ಆಡಿರಿ

ಮೇಲೆ ಬರೆದವರು ನನಗಿಂತ ಹತ್ತು ವರ್ಷ ಚಿಕ್ಕವರು. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಭಾನುವಾರ ನಾನು ಬಂದು ಇಳಿದ ಕೂಡಲೇ, “ಅಣ್ಣಾರ, ಇನ್ನೂ ಒಂದ ಬಣ್ಣಾ ಹಿಡಕೊಂಡ ಕುಂತೀರೇನು?” ಎಂದು ಕೇಳುವುದು ಅವರ ವಾಡಿಕೆ. ಅವರ ಲೆಕ್ಕದಲ್ಲಿ ತಪ್ಪಿಲ್ಲ. ನಾನೂ ಕಾಗದ ಹಿಡಿದು ಮಾಡಿ ನೋಡಿದ್ದೇನೆ. ಆದರೆ ಶೇ 9 ಎಂಬ ಅಂಕಿಯನ್ನು ಅವರು ಸಮಾಧಾನದಿಂದ ಬರೆದಿದ್ದಾರೆ, ನಾನು ಅದನ್ನು ಕಳವಳದಿಂದ ಓದುತ್ತೇನೆ. ಆರು ಸುತ್ತಿನ ಪಂದ್ಯವೆಂದರೆ ಕನಿಷ್ಠ ಹನ್ನೆರಡು ಆಟಗಳು. ಹನ್ನೆರಡರಲ್ಲಿ ಸರಾಸರಿ ಒಂದು ಆಟದಲ್ಲಿ, ಎದುರಾಳಿಯ ಕೈಚಳಕವಿಲ್ಲದೆಯೇ, ಮೂರನೆಯ ಸರದಿ ಬಂದರೂ ಅವರು ಒಂದು ಬಣ್ಣಕ್ಕಾಗಿ ಕಾಯುತ್ತಾ ಕುಳಿತಿರುತ್ತಾರೆ. ಲ್ಯಾಂಡೇ ಬಾರದ ಕಷ್ಟ ಎಲ್ಲರಿಗೂ ಇದೆ. ಲ್ಯಾಂಡ್ ಬಂದೂ ಕೈಯಲ್ಲಿರುವ ಕಾರ್ಡನ್ನು ಆಡಲಾಗದ ಕಷ್ಟ ಒಂದೇ ಬಣ್ಣದವರಿಗೆ ಇಲ್ಲ.

ಅವರ ಹೊಲದ ಹೋಲಿಕೆ ಚೆನ್ನಾಗಿದೆ. ಆದರೆ ಕುಂದಗೋಳದ ಎರೆಮಣ್ಣು ಮೂರೂ ಬೆಳೆಗೆ ಒಗ್ಗುವಂತೆ ತಾನಾಗಿಯೇ ಇದೆ. ಡೆಕ್ಕಿಗೆ ಅಂಥ ಮಣ್ಣನ್ನು ಹಣ ಕೊಟ್ಟು ತರಬೇಕು, ತಂದ ಮೇಲೂ ಅದು ಆಟದೊಳಗೆ ಬಾಡಿಗೆ ಕೇಳುತ್ತದೆ. ಸೇಕ್ರೆಡ್ ಫೌಂಡ್ರಿಯನ್ನು ಬಂದ ಸರದಿಯಲ್ಲೇ ಬಳಸಬೇಕಾದರೆ ಎರಡು ಲೈಫ್ ತೆರಬೇಕು, ಇಲ್ಲವಾದರೆ ಅದು ಟ್ಯಾಪ್ ಆಗಿ ಬರುತ್ತದೆ. ಬ್ಯಾಟಲ್‌ಫೀಲ್ಡ್ ಫೋರ್ಜ್ ಬಣ್ಣದ ಮನಾ ಕೊಟ್ಟಾಗಲೆಲ್ಲ ಒಂದೊಂದು ಲೈಫ್ ಕಳೆಯುತ್ತದೆ. ಇಪ್ಪತ್ತು ಲೈಫಿನಿಂದ ಆರಂಭವಾಗುವ ಆಟದಲ್ಲಿ ಎರಡು ಫೌಂಡ್ರಿಗಳಿಗೆ ಹೋಗುವ ನಾಲ್ಕು ಲೈಫ್ ಎಂದರೆ, ಎದುರಾಳಿ ಒಂದು ಲೈಟ್ನಿಂಗ್ ಬೋಲ್ಟನ್ನು ಹಾಕುವ ಮೊದಲೇ ಅದರ ಪೆಟ್ಟಿಗಿಂತ ಹೆಚ್ಚನ್ನು ನಾವೇ ತಿಂದಂತೆ. ಇದರ ಮೇಲೆ, 1994ರಷ್ಟು ಹಿಂದೆಯೇ ಬಂದ ‘ಬ್ಲಡ್ ಮೂನ್’ ಎಂಬ ಕೆಂಪು ಎನ್‌ಚಾಂಟ್‌ಮೆಂಟ್ ಮೇಜಿಗೆ ಬಂದರೆ, ಬೇಸಿಕ್ (ಮೌಂಟನ್, ಪ್ಲೇನ್ಸ್ ಮುಂತಾದ ಮೂಲ ಲ್ಯಾಂಡ್) ಅಲ್ಲದ ಎಲ್ಲ ಲ್ಯಾಂಡುಗಳೂ ಬರೀ ಮೌಂಟನ್ ಆಗಿಬಿಡುತ್ತವೆ. ಅವರ ಹದಿನಾರು ಬಿಳಿ ಮೂಲಗಳಲ್ಲಿ ಎಂಟು ಒಂದೇ ಏಟಿಗೆ ಹೋಗುತ್ತವೆ. ಅಪ್ಪಟ ಕೆಂಪು ಆಡುವವರಿಗೆ ಆ ಕಾರ್ಡಿನಿಂದ ಏನೂ ಆಗುವುದಿಲ್ಲ, ಅದನ್ನು ಅವರೇ ಹಾಕಲೂಬಹುದು.

ಒಂದೇ ಬಣ್ಣವೆಂದರೆ ಬಡವರ ಡೆಕ್, ಅರ್ಧ ಡೆಕ್ ಎಂಬ ಭಾವನೆ ನನಗೆ ನಿಜಕ್ಕೂ ನೋವು ಕೊಡುತ್ತದೆ. 1996ರಲ್ಲಿ ಅಟ್ಲಾಂಟಾದ ಅರ್ಹತಾ ಪಂದ್ಯದಲ್ಲಿ ಪಾಲ್ ಸ್ಲೈ ಆಡಿದ ಕೆಂಪು ಡೆಕ್ಕಿನಲ್ಲಿ ಬಿಡಿಬಿಡಿಯಾಗಿ ನೋಡಿದರೆ ಯಾರೂ ಮೆಚ್ಚದ ಸಣ್ಣ ಜೀವಿಗಳಿದ್ದವು. ಜೇ ಶ್ನೈಡರ್ ಅದನ್ನು ಕಟ್ಟಿದ್ದೇ ಪ್ರತಿ ಸರದಿಯ ಮನಾ ಪೂರ್ತಿ ಖರ್ಚಾಗಬೇಕು, ಒಂದೂ ವ್ಯರ್ಥವಾಗಬಾರದು ಎಂಬ ಎಣಿಕೆಯ ಮೇಲೆ. ಇಂದು ಎಲ್ಲರೂ ಮಾತಾಡುವ ‘ಮನಾ ಕರ್ವ್’ ಎಂಬ, ಕಾರ್ಡುಗಳನ್ನು ಬೆಲೆಗೆ ತಕ್ಕಂತೆ ಸರದಿವಾರು ಹಂಚುವ ಕಲ್ಪನೆ ಜನಪ್ರಿಯವಾದದ್ದು ಆ ಡೆಕ್ಕಿನಿಂದ. 2013ರಲ್ಲಿ ಡಬ್ಲಿನ್‌ನಲ್ಲಿ ನಡೆದ, ಅಗ್ರ ಆಟಗಾರರ ಪಂದ್ಯಾವಳಿಯಾದ ಪ್ರೊ ಟೂರ್‌ನ ಅಂತಿಮ ಪಂದ್ಯದಲ್ಲಿ ಎದುರುಬದುರಾಗಿ ಕುಳಿತ ಇಬ್ಬರೂ ಬರೀ ನೀಲಿ ಬಣ್ಣವನ್ನೇ ಆಡಿದರು, ಜೆರೆಮಿ ಡೆಜಾನಿ ಗೆದ್ದರು. ಅವರ ಡೆಕ್ಕಿನ ಜೀವಾಳ ‘ಡಿವೋಷನ್’ ಎಂಬ ನಿಯಮ. ನಮ್ಮ ಮೇಜಿನ ಮೇಲಿರುವ ಕಾರ್ಡುಗಳ ಬೆಲೆಯಲ್ಲಿ ಒಂದು ಬಣ್ಣದ ಚಿಹ್ನೆ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಅಷ್ಟೇ ಬಲವನ್ನು ಅದು ಕೊಡುತ್ತದೆ. ಎರಡು ಬಣ್ಣ ಬೆರೆಸಿದರೆ ಆ ಎಣಿಕೆ ಕುಸಿಯುತ್ತದೆ. ಹಾಗೆಯೇ ಮೂರು ಕೆಂಪು ಮನಾ ಕೇಳಿ, ಆರು ಶಕ್ತಿಯೊಡನೆ ಬಂದ ಸರದಿಯಲ್ಲೇ ದಾಳಿ ಮಾಡುವ ‘ಬಾಲ್ ಲೈಟ್ನಿಂಗ್’ ಅನ್ನು ಹದಿನಾರು ಕೆಂಪು ಮೂಲಗಳಿರುವ ಡೆಕ್ಕಿನಲ್ಲಿ ಮೂರನೆಯ ಸರದಿಗೆ ನೆಚ್ಚುವುದು ಕಷ್ಟ, ಎಲ್ಲ ಲ್ಯಾಂಡೂ ಮೌಂಟನ್ ಆಗಿರುವಲ್ಲಿ ಬಣ್ಣದ ಚಿಂತೆಯೇ ಇಲ್ಲ.

ಲೇಲೈನಿನ ವಿಷಯವನ್ನೂ ಹೇಳಬೇಕು. ಅದು ಮಂತ್ರಗಳ ಗುರಿಯಿಂದ ಕಾಯುತ್ತದೆ, ಜೀವಿಗಳ ದಾಳಿಯಿಂದ ಕಾಯುವುದಿಲ್ಲ. ಎದುರಾಳಿ ಏಳರಲ್ಲಿ ಒಂದು ಕಾರ್ಡನ್ನು ಅದಕ್ಕೆ ಖರ್ಚು ಮಾಡಿದ್ದರಿಂದ ಆಟವನ್ನು ಆರು ಕಾರ್ಡುಗಳಿಂದ ಆರಂಭಿಸಿದ್ದರು. ನನ್ನ ಮಿತ್ರರು ಆ ಬೋಲ್ಟುಗಳನ್ನು ದಾರಿಗೆ ಅಡ್ಡ ನಿಂತ ಜೀವಿಗಳ ಮೇಲೆ ಹಾಕಿ ದಾಳಿಯನ್ನು ಮುಂದುವರಿಸಿದ್ದರೆ ಏನಾಗುತ್ತಿತ್ತೆಂದು ನಾನು ಅವರೊಡನೆ ಆ ಆಟವನ್ನು ನೆನಪಿನಿಂದ ಮತ್ತೆ ಹರಡಿ ನೋಡಿದ್ದೇನೆ. ಎರಡು ಸರದಿ ಅವರು ಸುಮ್ಮನೆ ಬಿಟ್ಟಿದ್ದರು.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಮೊದಲ ವರ್ಷ ನಾನು ನೀಲಿ-ಕೆಂಪು ಡೆಕ್ ಆಡುತ್ತಿದ್ದೆ. ಎರಡು ನೀಲಿ ಮನಾ ಕೇಳುವ ‘ಕೌಂಟರ್‌ಸ್ಪೆಲ್’ ಕೈಯಲ್ಲಿ, ಎರಡು ಮೌಂಟನ್ ಮೇಜಿನ ಮೇಲೆ. ಸೋತಾಗಲೆಲ್ಲ ಲ್ಯಾಂಡ್ ಬರಲಿಲ್ಲ ಎಂದು ಹೇಳಿ ಕಾರ್ಡುಗಳನ್ನು ಕಟ್ಟಿಡುತ್ತಿದ್ದೆ, ಮತ್ತು ಅದು ಅರ್ಧದಷ್ಟು ಸಲ ನಿಜವೂ ಆಗಿದ್ದರಿಂದ ಉಳಿದ ಅರ್ಧದಲ್ಲಿ ನಾನೇ ಮಾಡಿದ ತಪ್ಪುಗಳು ನನಗೆ ಕಾಣಲೇ ಇಲ್ಲ. ಬರೀ ಕೆಂಪಿಗೆ ಬಂದ ಮೇಲೆ ಆ ನೆಪ ಹೋಯಿತು. ಯಾವ ಕೈಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮಲ್ಲಿಗನ್ ಮಾಡಬೇಕು (ಮರಳಿಸಿ ಹೊಸ ಕೈ ಎತ್ತಬೇಕು), ಬೋಲ್ಟನ್ನು ಜೀವಿಗೆ ಹಾಕಬೇಕೇ ಆಟಗಾರರಿಗೇ ಹಾಕಬೇಕೇ ಎಂಬುದನ್ನು ನಾನು ಕಲಿತದ್ದು ಆಮೇಲೆ.

ಆದ್ದರಿಂದ ಹೊಸಬರಿಗೆ ನಾನು ಒಂದು ನೋಟುಬುಕ್ಕು ಇಡಲು ಹೇಳುತ್ತೇನೆ. ಒಂದೇ ಬಣ್ಣದಿಂದ ಐವತ್ತು ಆಟ ಆಡಿ, ಸೋತ ಪ್ರತಿ ಆಟಕ್ಕೂ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಆ ಬಣ್ಣದಲ್ಲಿ ಉತ್ತರವೇ ಇಲ್ಲದ ಕಾರ್ಡಿಗೆ ಸೋತ ಸಾಲುಗಳು ಎಷ್ಟಿವೆ ಎಂದು ಎಣಿಸಿದ ಮೇಲೆ, ಯಾವ ಎರಡನೆಯ ಬಣ್ಣ ಬೇಕು, ಅದರ ಎಷ್ಟು ಕಾರ್ಡು ಬೇಕು ಎಂಬುದು ಆ ಪುಟಗಳಲ್ಲೇ ಕಾಣುತ್ತದೆ. ನನ್ನ ನೋಟುಬುಕ್ಕಿನಲ್ಲಿ ಅಂಥ ಸಾಲುಗಳು ನಾಲ್ಕಿವೆ.