ಎಡ ಅಂದರೆ ಯಾರ ಎಡ ಸ್ವಾಮಿ?

ಅಕ್ಕನ ಮಗಳ ಶಾಲೆಯ ವಿಜ್ಞಾನ ಪ್ರದರ್ಶನದಿಂದ ಈಗಷ್ಟೇ ಬಂದೆ. ತಲೆ ಇನ್ನೂ ಬಿಸಿಯಿದೆ. ಹುಡುಗಿ ಥರ್ಮಾಕೋಲಿನಲ್ಲಿ ಹೃದಯ ಮಾಡಿದ್ದಳು. 'ಎಡ ಹೃತ್ಕುಕ್ಷಿ', ಅಂದರೆ ಹೃದಯದ ಕೆಳಗಿನ ಎಡ ಕೋಣೆ, ಎಂಬ ಚೀಟಿ ನೋಡುವವರ ಬಲಕ್ಕಿತ್ತು. ತೀರ್ಪುಗಾರರು ಬಂದವರೇ "ಎಡ ಬಲವೇ ಗೊತ್ತಿಲ್ವಲ್ಲಮ್ಮಾ" ಎಂದು ನಕ್ಕು ಅಂಕ ಕಳೆದರು.

ಅವಳು ಅಂಟಿಸಿದ್ದೇ ಸರಿ! ದೇಹದ ವಿಷಯದಲ್ಲಿ ಎಡ ಅಂದರೆ ಆ ದೇಹ ಯಾರದ್ದೋ ಅವರ ಎಡ. ನೋಡುವವರದ್ದಲ್ಲ. ಆ ಬದಿಯ ಗೋಡೆಯನ್ನು ಮಗು ದಪ್ಪವಾಗಿಯೂ ಮಾಡಿತ್ತು. ಇಡೀ ಮೈಗೆ ರಕ್ತ ತಳ್ಳುವುದು ಅದೇ ತಾನೇ? ಬಲದ್ದು ಶ್ವಾಸಕೋಶಕ್ಕೆ ಕಳಿಸಿದರೆ ಸಾಕು. ಅದನ್ನಾದರೂ ನೋಡಬಾರದಿತ್ತಾ?

ನನ್ನ ಕೆಲಸವೇ ಎಕ್ಸ್‌ರೇ ತೆಗೆಯುವುದು. ಎಕ್ಸ್‌ರೇ ತೆಗೆಯುವಾಗ ಸೀಸದ 'ಆರ್' (ಬಲ), 'ಎಲ್' (ಎಡ) ಅಕ್ಷರ ಇಡುವುದೇ ಈ ಎಡಬಲದ ಗೋಳಿಗೆ. ಎದೆಯ ಎಕ್ಸ್‌ರೇಗೆ ಮನುಷ್ಯ ಪ್ಲೇಟಿಗೆ ಎದೆಯೊತ್ತಿ, ನಮಗೆ ಬೆನ್ನು ಹಾಕಿ ನಿಂತಿರುತ್ತಾನೆ. ಆದರೂ ಫಿಲ್ಮ್ ನೋಡುವುದು ಅವನು ನಮ್ಮೆದುರು ನಿಂತ ಹಾಗೆ. ಅವನ ಬಲ ನಮ್ಮ ಎಡಕ್ಕೆ. ಸಿಟಿ ಸ್ಕ್ಯಾನಿನಲ್ಲೂ ಅಷ್ಟೇ.

"ನೋಡುವವರ ಎಡವೇ ಎಡ ಅಂದ್ರೆ ಸುಲಭ ಅಲ್ವಾ?" ಅಂತ ಭಾವ ಕಾರಿನಲ್ಲಿ ಶುರು ಮಾಡಿದರು. ಸುಲಭವೇ ಭಾವ, ರೋಗಿಯನ್ನು ಬೋರಲು ಮಲಗಿಸುವ ತನಕ. ಮೇಜಿನ ಸುತ್ತ ನಾಲ್ಕು ಜನ ನಿಂತರೆ ಯಾರ ಎಡವನ್ನು ಕೊಯ್ಯೋಣ?

ಅದಕ್ಕೇ ಒಂದು ನಿಲುವು ಗೊತ್ತು ಮಾಡಿದ್ದಾರೆ. ನೆಟ್ಟಗೆ ನಿಂತಿರಬೇಕು, ಮುಖ ಮುಂದಕ್ಕೆ, ಕೈ ಇಳಿಬಿಟ್ಟು ಅಂಗೈಯೂ ಮುಂದಕ್ಕೆ. ಆಮೇಲೆ ಮಲಗಲಿ, ಉರುಳಲಿ, ಲೆಕ್ಕವೆಲ್ಲ ಆ ನಿಲುವಿನದ್ದೇ. ಶೀರ್ಷಾಸನ ಹಾಕಿದರೂ ಮೂಗು ಬಾಯಿಗಿಂತ ಮೇಲೇ. ಅಂಗೈ ಯಾಕೆ ಮುಂದಕ್ಕೆ ಅಂತೀರಾ? ಆಗ ಮುಂಗೈಯ ಎರಡು ಮೂಳೆಗಳು ಅಕ್ಕಪಕ್ಕ ಇರುತ್ತವೆ. ಅಂಗೈ ಹಿಂದಕ್ಕೆ ತಿರುಗಿಸಿ ನೋಡಿ, ಒಂದರ ಮೇಲೊಂದು ಹಾಯುತ್ತವೆ. ಹೆಬ್ಬೆರಳು ಒಮ್ಮೆ ಹೊರಗೆ, ಒಮ್ಮೆ ಒಳಗೆ. ನಿಲುವೊಂದು ಗಟ್ಟಿಯಿದ್ದರೆ ಹೆಬ್ಬೆರಳು ಯಾವಾಗಲೂ ಹೊರಬದಿಯದ್ದೇ. ಎಷ್ಟು ಚೆಂದದ ಏರ್ಪಾಡು!

ಸುಮ್ನೆ ಕೂಗಾಡ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಸುರಕ್ಷತಾ ಪಟ್ಟಿಯಲ್ಲಿ, ಅರಿವಳಿಕೆ ಕೊಡುವ ಮೊದಲೇ ಜಾಗಕ್ಕೆ ಗುರುತು ಹಾಕಿದೆಯೇ ಅಂತ ಕೇಳುವ ಸಾಲಿದೆ. ತಪ್ಪು ಬದಿ ಕೊಯ್ದುಬಿಟ್ಟರೆ ಅಂಕ ಕಳೆದು ಮುಗಿಸೋಕಾಗಲ್ಲ.

ಇಷ್ಟೆಲ್ಲ ಜೋರು ಮಾಡ್ತೀನಲ್ಲ, ಒಂದು ಗುಟ್ಟು ಹೇಳ್ತೀನಿ. ಜಾಸ್ತಿ ಸುಸ್ತಾದ ದಿನ ಬಲ ಯಾವುದು ಅಂತ ನೆನಪಾಗೋಕೆ ನಾನು ಈಗಲೂ ಊಟದ ಕೈಯನ್ನೇ ಮೆಲ್ಲಗೆ ಆಡಿಸಿ ನೋಡ್ತೀನಿ. ಎಡಗೈಯಲ್ಲಿ ಉಣ್ಣುವವರು ಏನು ಮಾಡ್ತೀರಪ್ಪಾ? ಕಾಮೆಂಟಿನಲ್ಲಿ ಹೇಳಿ.